ಪ್ರಾಥಮಿಕ ಶಾಲೆಗಳಲ್ಲಿ ಚಿತ್ರಕಲೆ

ರಾಜಾಜಿನಗರದಿಂದ ಕೆಂಗೇರಿಯವರೆಗೆ ಯಾವ ಪ್ರಾಥಮಿಕ ಶಾಲೆಗಾದರೂ ಹೋಗಿ, ಹುಡುಗನೊಬ್ಬನ ಕೈಗೆ ಕಾಗದವನ್ನೂ ಬಣ್ಣದ ಕಡ್ಡಿಗಳನ್ನೂ ಕೊಟ್ಟು ನೋಡಿರಿ. ಬಹುಮಟ್ಟಿಗೆ ಅವನು ಬರೆಯುವ ಚಿತ್ರ ಒಂದೇ: ಎರಡು ಬೆಟ್ಟಗಳು, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಗುಡಿಸಲು, ಅದರ ಪಕ್ಕದಲ್ಲಿ ತೆಂಗಿನ ಮರ. ಅವನ ಅಣ್ಣನೂ ಇದನ್ನೇ ಬರೆದನು. ನಾವೂ ಬಾಲ್ಯದಲ್ಲಿ ಇದನ್ನೇ ಬರೆದೆವು. ರಾಮೋಹಳ್ಳಿಯ ಬಳಿಯ ದೊಡ್ಡ ಆಲದ ಮರವಾಗಲಿ, ಕೊಳೆತು ಹರಿಯುವ ವೃಷಭಾವತಿಯಾಗಲಿ, ತಂದೆ ದುಡಿಯುವ ಕಾರ್ಖಾನೆಯಾಗಲಿ, ತಾಯಿ ಹೊಸಿಲ ಮುಂದೆ ಇಡುವ ರಂಗವಲ್ಲಿಯಾಗಲಿ ಅವನ ಕಾಗದದ ಮೇಲೆ ಬರುವುದಿಲ್ಲ. ಇದು ಹುಡುಗನ ದೋಷವಲ್ಲ. ಕಪ್ಪುಹಲಗೆಯನ್ನು ನಕಲು ಮಾಡುವುದನ್ನು ಅವನಿಗೆ ಕಲಿಸಿದ್ದೇವೆ. ಕಣ್ಣಿಟ್ಟು ನೋಡುವುದನ್ನು ಕಲಿಸಿಲ್ಲ.

ಬೆಟ್ಟವನ್ನು ಬರೆಯಬಾರದೆಂದು ನಮ್ಮ ಅಭಿಪ್ರಾಯವಲ್ಲ. ಅರಮನೆಯ ಚಿತ್ರಗಾರರ ಮನೆತನದಲ್ಲಿ ಹುಟ್ಟಿ, ಕಲ್ಕತ್ತೆಯಲ್ಲಿ ಅವನೀಂದ್ರನಾಥ ಠಾಕೂರರ ಶಿಷ್ಯರಾಗಿದ್ದ ನಮ್ಮ ಕೆ. ವೆಂಕಟಪ್ಪನವರೂ ಉದಕಮಂಡಲದ ಬೆಟ್ಟಗಳನ್ನು ಬರೆದರು. ಆದರೆ ಅವರು ಅಲ್ಲಿಗೆ ಹೋಗಿ, ಮಂಜನ್ನೂ ಬೆಳಕನ್ನೂ ಕಣ್ಣಾರೆ ಕಂಡು ಬರೆದರು. ಚಿತ್ರವಿದ್ಯೆಯ ಫಲ ಈ ದೃಷ್ಟಿಯೇ. ಅದು ಬಡಗಿಗೂ ಬೇಕು, ದರ್ಜಿಗೂ ಬೇಕು, ಇಂಜಿನಿಯರಿಗೂ ವೈದ್ಯನಿಗೂ ಬೇಕು. ೧೯೩೭ರಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯಲ್ಲಿ ವಾರ್ಧಾದಲ್ಲಿ ನಡೆದ ಶಿಕ್ಷಣ ಪರಿಷತ್ತು ನೇಮಿಸಿದ ಜಾಕೀರ್ ಹುಸೇನ್ ಸಮಿತಿಯವರು, ಬಡ ದೇಶದ ಬಡ ಶಾಲೆಗಳಿಗಾಗಿ ಸಿದ್ಧಪಡಿಸಿದ ಪಾಠಕ್ರಮದಲ್ಲಿ ಚಿತ್ರಲೇಖನಕ್ಕೆ ಸ್ಥಾನ ಕೊಟ್ಟುದು ಸುಮ್ಮನೆಯಲ್ಲ.

ಇಂದಿನ ಕಾನೂನಿನ ಸ್ಥಿತಿಯನ್ನು ವಾಚಕರು ಗಮನಿಸಬೇಕು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯು ಕಲಾಶಿಕ್ಷಣಕ್ಕೆ ಅರೆಕಾಲಿಕ ಬೋಧಕನನ್ನು ವಿಧಿಸುವುದು ೬ರಿಂದ ೮ನೆಯ ತರಗತಿಗಳಿಗೆ ಮಾತ್ರ. ಅದೂ ದಾಖಲಾದ ಮಕ್ಕಳು ನೂರಕ್ಕೆ ಮೇಲ್ಪಟ್ಟಿದ್ದರೆ. ಕೈ ಎಳೆಯದಾಗಿ, ಕಣ್ಣು ಚುರುಕಾಗಿರುವ ಮೊದಲ ಐದು ತರಗತಿಗಳಿಗೆ ಅಂಥ ಬೋಧಕನೇ ಇಲ್ಲ. ತೊಂಬತ್ತು ಮಕ್ಕಳಿರುವ ಶಾಲೆಯವರಿಗೆ ಕಲೆ ಬೇಡವೆಂದು ಅರ್ಥವೇ? ವಿಜಯನಗರ, ಬಸವೇಶ್ವರನಗರಗಳಲ್ಲಿ ಅನುಕೂಲಸ್ಥರು ಶುಲ್ಕ ಕೊಟ್ಟು ಮಕ್ಕಳನ್ನು ಸಂಜೆಯ ಚಿತ್ರಕಲಾ ತರಗತಿಗೆ ಕಳುಹಿಸುತ್ತಾರೆ. ಅದೇ ಬೀದಿಯ ಕೂಲಿಯವನ ಮಗಳಿಗೆ ಸರ್ಕಾರದ ಶಾಲೆಯೊಂದೇ ಗತಿ. ಅಲ್ಲಿ ದೊರೆಯದುದು ಅವಳಿಗೆ ಜನ್ಮದಲ್ಲಿ ದೊರೆಯಲಾರದು.

ಹಣವಿಲ್ಲ, ಉಪಾಧ್ಯಾಯರಿಗೆ ಬಿಡುವಿಲ್ಲ ಎಂಬ ಉತ್ತರ ಬರುವುದನ್ನು ಬಲ್ಲೆವು. ಉಪಾಧ್ಯಾಯರ ಹೊರೆ ದೊಡ್ಡದೆಂಬುದೂ ನಿಜ. ಆದುದರಿಂದಲೇ ನಾವು ಕೇಳುವುದು ಅಲ್ಪ. ಪ್ರತಿಯೊಂದು ಪ್ರಾಥಮಿಕ ಶಾಲೆಯಲ್ಲಿಯೂ ಒಂದು ಕಲಾಸಂಘವಿರಲಿ. ಶನಿವಾರ ಒಂದು ಗಂಟೆ ಅದಕ್ಕೆ ಮೀಸಲಾಗಲಿ. ಇದ್ದಿಲು, ಸೀಮೆಸುಣ್ಣ, ಜೇಡಿಮಣ್ಣು, ಹಳೆಯ ಪತ್ರಿಕೆಗಳು ಸಾಕು. ಪತ್ರಿಕೆಗಳನ್ನು ನಾವೇ ಕೊಡಲು ಸಿದ್ಧರಿದ್ದೇವೆ. ಐದಾರು ಶಾಲೆಗಳಿಗೆ ಒಬ್ಬ ಸಂಚಾರಿ ಕಲಾಶಿಕ್ಷಕನನ್ನು ಇಲಾಖೆಯವರು ನೇಮಿಸಲಿ. ಮಲ್ಲತ್ತಹಳ್ಳಿಯಲ್ಲಿ ಕಲಾಗ್ರಾಮವಿದೆ, ನಗರದಲ್ಲಿ ಚಿತ್ರಕಲಾ ಪರಿಷತ್ತಿನ ಮಹಾವಿದ್ಯಾಲಯವಿದೆ. ಅಲ್ಲಿನ ತರುಣರು ತಿಂಗಳಿಗೊಂದು ದಿನ ಈ ಮಕ್ಕಳೊಡನೆ ಕುಳಿತರೆ ಇಬ್ಬರಿಗೂ ಲಾಭ.

ಆದರೆ ಒಂದು ಎಚ್ಚರಿಕೆ. ಈ ಸಂಘವು ಬಹುಮಾನದ ಕಣವಾಗಬಾರದು. ಬಹುಮಾನವೆಂದೊಡನೆ ತಂದೆತಾಯಿಗಳೇ ಕುಂಚ ಹಿಡಿಯುತ್ತಾರೆ. ಮಗು ಬರಿಯ ಹೆಸರು ಬರೆಯುತ್ತದೆ. ಅಂಕವೂ ಬೇಡ. ಎಲ್ಲ ಮಕ್ಕಳ ಚಿತ್ರಗಳೂ ಶಾಲೆಯ ಗೋಡೆಯ ಮೇಲೆ ಇರಲಿ.

ವಿದ್ಯಾ ಇಲಾಖೆಯ ಅಧಿಕಾರಿಗಳೂ ಶಾಲಾಭಿವೃದ್ಧಿ ಸಮಿತಿಗಳ ಸದಸ್ಯರೂ ಈ ವಿಷಯದಲ್ಲಿ ಮನಸ್ಸಿಡಬೇಕೆಂದು ಪ್ರಾರ್ಥಿಸುತ್ತೇವೆ. ಕೆಂಗೇರಿಯ ಹುಡುಗನು ಕಾಣದ ಬೆಟ್ಟವನ್ನು ಬಿಟ್ಟು, ತಾನು ಕಂಡ ವೃಷಭಾವತಿಯನ್ನು ಅದರ ಕಪ್ಪು ಬಣ್ಣದಲ್ಲಿಯೇ ಬರೆದು ತಂದ ದಿನ, ಅವನಿಗೆ ಚಿತ್ರ ಬಂದಿತೆಂದು ಹೇಳಬಹುದು. ಆ ಚಿತ್ರವನ್ನು ನೋಡಿ ಹಿರಿಯರಾದ ನಾವು ನಾಚಿದರೆ, ಅದೂ ವಿದ್ಯೆಯ ಫಲವೇ ಸರಿ.