ಗುಡ್ಡಕ್ಕೆ ಫ್ಯಾನು ಬಂತು, ಚಿಗರಿ ಎಲ್ಲಿ ಹೋಗಬೇಕು?

ಡಂಬಳ, ಡೋಣಿ ಕಡೆ ಬಸ್ಸು ಹತ್ತುವವರಿಗೆ ಕಪ್ಪತಗುಡ್ಡದ ಸಾಲಿನ ಮೇಲೆ ತಿರುಗುವ ಬಿಳೀ ಫ್ಯಾನುಗಳು ಹೊಸವಲ್ಲ. ಹೊಗೆ ಇಲ್ಲ, ಕಲ್ಲಿದ್ದಲು ಬೇಡ, ಬರೀ ಗಾಳಿಯಿಂದ ಕರೆಂಟು. ಅಂಗಡಿಯ ದೀಪ ಉರಿಯಬೇಕು, ಹಿಟ್ಟಿನ ಗಿರಣಿ ತಿರುಗಬೇಕು ಎಂದರೆ ಇದು ಬೇಕೇ ಬೇಕು. ಇದರಲ್ಲಿ ನಮ್ಮದು ಎರಡು ಮಾತಿಲ್ಲ.

ಆದರೆ ಗುಡ್ಡವೆಂದರೆ ಬರೀ ಕಂಬ ನಿಲ್ಲಿಸುವ ಕಟ್ಟೆಯಲ್ಲ. ತೋಳ, ಕತ್ತೆಕಿರುಬ, ಚಿರತೆ, ಕೊಂಡುಕುರಿಗಳ ಮನೆಯೂ ಹೌದು. 2019ರಲ್ಲಿ ಸರ್ಕಾರವೇ ಇಲ್ಲಿನ ಸುಮಾರು 244 ಚದರ ಕಿಲೋಮೀಟರ್ ಜಾಗವನ್ನು ವನ್ಯಜೀವಿಧಾಮವೆಂದು ಸಾರಿದೆ.

'ಫ್ಯಾನು ಮ್ಯಾಲೆ ತಿರುಗತೈತಿ, ಕೆಳಗಿನ ಪ್ರಾಣಿಗೇನು ತ್ರಾಸು?' ಎನ್ನುವವರುಂಟು. ಕೊಯಮತ್ತೂರಿನ ಸಲೀಂ ಅಲಿ ಕೇಂದ್ರದ ವಿಜ್ಞಾನಿಗಳು ನಮ್ಮ ರಾಜ್ಯದ ಗಾಳಿವಿದ್ಯುತ್ ಪ್ರದೇಶದಲ್ಲೇ ಅಧ್ಯಯನ ಮಾಡಿ ನೋಡಿದ್ದಾರೆ. 2022ರಲ್ಲಿ ಅಚ್ಚಾದ ಅವರ ವರದಿಯ ಪ್ರಕಾರ ಚಿಗರಿ, ಚಿಂಕಾರ, ನರಿ, ಕಾಡುಬೆಕ್ಕು ಇವು ಫ್ಯಾನಿನ ಹತ್ತಿರ ನೆಲೆಸುವುದು ಕಡಿಮೆ.

ಕಾರಣ ಊಹಿಸುವುದು ಕಷ್ಟವಲ್ಲ. ಉದ್ದನೆಯ ರೆಕ್ಕೆ ಹೊತ್ತ ಟ್ರೇಲರು ಗುಡ್ಡ ಏರಬೇಕಾದರೆ ಅಗಲ ರಸ್ತೆ ಬೇಕು, ಅದಕ್ಕೆ ಗುಡ್ಡ ಕಡಿಯಬೇಕು. ರಸ್ತೆಯಾದ ಮೇಲೆ ಜೀಪು, ಜೀಪಿನ ಹಿಂದೆ ಜನ, ನಾಯಿ, ಕಳ್ಳ ಬೇಟೆಗಾರ. ಮೇಲೆ ಹಗಲೂ ರಾತ್ರಿ ಸದ್ದು. ನೆಲೆ ತಪ್ಪಿದ ತೋಳ ಹೊಟ್ಟೆ ಹಸಿದಾಗ ಕುರಿಹಟ್ಟಿಗೆ ಬಾರದೆ ಇನ್ನೆಲ್ಲಿಗೆ ಹೋದೀತು? ನಷ್ಟ ಯಾರಿಗೆ? ಕುರಿ ಕಾಯುವ ಬಡವನಿಗೆ.

ಕಾನೂನಿನಲ್ಲೂ ಸಂದಿ ಇದೆ. ಪರಿಸರ ಪರಿಣಾಮ ಅಧ್ಯಯನ ಕಡ್ಡಾಯ ಮಾಡುವ 2006ರ ಕೇಂದ್ರ ಅಧಿಸೂಚನೆಯ ಪಟ್ಟಿಯಲ್ಲಿ ಗಾಳಿವಿದ್ಯುತ್ತಿನ ಹೆಸರೇ ಇಲ್ಲ. ಹೀಗಾಗಿ ಅರಣ್ಯದ ಗಡಿಯಾಚೆ ಇಂಥ ಅಧ್ಯಯನವಿಲ್ಲದೆಯೇ ಕಂಬ ಏಳಬಹುದು. ಆದರೆ ಚಿಗರಿ, ತೋಳಗಳು ಮೇಯುವುದು, ಓಡಾಡುವುದು ಅಂಥ ಬಯಲಿನಲ್ಲೇ. ಅವಕ್ಕೆ ಸರ್ವೇ ನಂಬರು ಗೊತ್ತೇ ಸ್ವಾಮಿ?

ನಾವು ಫ್ಯಾನು ಕಿತ್ತು ಹಾಕಿ ಎನ್ನುತ್ತಿಲ್ಲ. ಹೊಸ ಕಂಬ ನಿಲ್ಲಿಸುವ ಮೊದಲು ಅಲ್ಲಿ ಯಾವ ಪ್ರಾಣಿ ಇದೆ ಎಂದು ಒಂದು ವರ್ಷವಾದರೂ ನೋಡಲಿ. ಹುಲ್ಲುಗಾವಲು ಬಿಟ್ಟು, ಈಗಾಗಲೇ ಉಳುಮೆಯಾದ ಹೊಲಗಳ ಕಡೆ ಜಾಗ ಹುಡುಕಲಿ. ಕೆಲಸ ಮುಗಿದ ರಸ್ತೆಗೆ ಗೇಟು ಹಾಕಿ ಬೀಗ ಜಡಿಯಲಿ. ಜಿಲ್ಲಾಡಳಿತ ಮನಸ್ಸು ಮಾಡಿದರೆ ಇದೇನು ದೊಡ್ಡ ಮಾತಲ್ಲ.

ಗಾಳಿಗೆ ಬಾಡಿಗೆ ಇಲ್ಲ, ನಿಜ. ಆದರೆ ಗುಡ್ಡದ ಬಾಡಿಗೆಯನ್ನು ಮೂಕಪ್ರಾಣಿಗಳಿಂದ ವಸೂಲು ಮಾಡುವುದು ಯಾವ ನ್ಯಾಯದ ವ್ಯಾಪಾರ?