ಗುಮಟೆಯ ಬಳಗ
ಪೋರ್ಚುಗೀಸರ ಕಾಲದಲ್ಲಿ ಗೋವೆಯನ್ನು ತೊರೆದು ತುಳುನಾಡಿನಲ್ಲಿ ನೆಲೆನಿಂತ ಕೊಂಕಣಿಗರು ತಮ್ಮೊಡನೆ ತಂದ ಸಂಪತ್ತಿನಲ್ಲಿ, ಶತಮಾನಗಳು ಸಂದರೂ ಕರಗದೆ ಉಳಿದುದು ಅವರ ಗಾನವೆಂಬುದು, ಉಡುಪಿ ಕಾರ್ಕಳಗಳ ಆಸುಪಾಸಿನ ಕುಡುಬಿ ಜನರು ಹೋಳಿಯ ದಿನಗಳಲ್ಲಿ ಮುಂಡಾಸು ಸುತ್ತಿ, ಮಣ್ಣಿನ ಗಡಿಗೆಯ ಅಗಲವಾದ ಬಾಯಿಗೆ ತೊಗಲು ಬಿಗಿದ ಗುಮಟೆಯನ್ನು ಒಂದು ಕೈಯಿಂದ ಬಡಿಯುತ್ತ, ಹಿಂಬದಿಯ ಕಿರುಬಾಯನ್ನು ಇನ್ನೊಂದು ಅಂಗೈಯಿಂದ ಮುಚ್ಚಿ ತೆರೆದು ನಾದವನ್ನು ಏರಿಳಿಸುತ್ತ ಮನೆಯಂಗಳಗಳಲ್ಲಿ ಕುಣಿಯುವುದನ್ನು ಕಂಡವರೆಲ್ಲರಿಗೂ ವಿದಿತವಾದ ಸಂಗತಿ. ಈ ಗುಮಟೆಯನ್ನೇ ನಗರದ ವೇದಿಕೆಯ ಮೇಲೆ ಗೌರವದಿಂದ ಪ್ರತಿಷ್ಠಾಪಿಸಿ, ಜನಪದ ಧಾಟಿಗಳಲ್ಲಿಯೇ ನೂತನ ಗೀತೆಗಳನ್ನು ಕಟ್ಟುವ ಸಂಕಲ್ಪದಿಂದ ಎರಿಕ್ ಒಝೇರಿಯೊ ಮತ್ತು ಅವರ ಸಂಗಡಿಗರು 1986ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ‘ಮಾಂಡ್ ಸೊಭಾಣ್’ ಬಳಗವು, ಕ್ರಮೇಣ ಶಕ್ತಿನಗರದ ಕಲಾಂಗಣವನ್ನು ತನ್ನ ನೆಲೆಯಾಗಿಸಿಕೊಂಡು, ತಿಂಗಳಿಗೊಂದು ಕಾರ್ಯಕ್ರಮವನ್ನು ತಪ್ಪದೆ ನಡೆಸುವ ಪದ್ಧತಿಯನ್ನು ರೂಢಿಸಿ, 2008ರ ಜನವರಿಯಲ್ಲಿ ಸತತವಾಗಿ 40 ಗಂಟೆಗಳ ಕಾಲ ಕೊಂಕಣಿ ಹಾಡುಗಳನ್ನು ಹಾಡಿ ಗಿನ್ನೆಸ್ ದಾಖಲೆಗೆ ಪಾತ್ರವಾಯಿತು. ದಾಖಲೆಗಿಂತಲೂ ಹಿರಿದಾದುದು ಆ ಮಾಸಿಕ ಸಭೆಯ ನಿಷ್ಠೆಯೇ. ಏಕೆಂದರೆ ವಲಸೆ ಬಂದ ಸಮುದಾಯವೊಂದು ತುಳು ಕನ್ನಡಗಳೊಡನೆ ಸೌಹಾರ್ದದಿಂದ ಬಾಳುತ್ತಲೇ ತನ್ನ ರಾಗವನ್ನು ಕಾಪಾಡಿಕೊಳ್ಳಬೇಕಾದರೆ, ಸ್ಮರಣೆಯೊಂದೇ ಸಾಲದು, ಎಳೆಯರಿಗೆ ಕಲಿಸುವ ಗುರುವೂ ಅವರು ಹಾಡುವುದನ್ನು ಕುಳಿತು ಕೇಳುವ ಜನರೂ ಅವಶ್ಯವಾಗಿ ಬೇಕು.