ಊರಿಗೆ ಸಾಲ, ಮಾಲೀಕನಿಗೆ ತಂಡ

ಕ್ಯಾಲಿಫೋರ್ನಿಯಾದ ಓಕ್ಲೆಂಡ್ ನಾಲ್ಕು ಲಕ್ಷಕ್ಕೂ ಮಿಕ್ಕ ಜನರಿರುವ ಊರು. ಐದೇ ವರ್ಷಗಳಲ್ಲಿ ಅದರ ಮೂರು ದೊಡ್ಡ ತಂಡಗಳೂ ಗಂಟುಮೂಟೆ ಕಟ್ಟಿದವು. 2019ರಲ್ಲಿ ಬ್ಯಾಸ್ಕೆಟ್‌ಬಾಲಿನ ವಾರಿಯರ್ಸ್ ಕೊಲ್ಲಿಯಾಚೆಯ ಸ್ಯಾನ್ ಫ್ರಾನ್ಸಿಸ್ಕೊಗೆ ಹೋಯಿತು, ಮರುವರ್ಷ ಅಮೆರಿಕನ್ ಫುಟ್‌ಬಾಲಿನ ರೈಡರ್ಸ್ ಲಾಸ್ ವೇಗಸ್‌ಗೆ. 1968ರಿಂದ ಅಲ್ಲೇ ನೆಲೆಸಿ ನಾಲ್ಕು ಬಾರಿ ವರ್ಲ್ಡ್ ಸೀರೀಸ್ ಗೆದ್ದಿದ್ದ ಬೇಸ್‌ಬಾಲ್ ತಂಡ ಅಥ್ಲೆಟಿಕ್ಸ್, 2024ರ ಸೆಪ್ಟೆಂಬರ್ 26ರಂದು ಕೊಲಿಸಿಯಂ ಕ್ರೀಡಾಂಗಣದಲ್ಲಿ ಕೊನೆಯ ಪಂದ್ಯ ಆಡಿತು. ನೋಡಲು 46,889 ಮಂದಿ ಬಂದಿದ್ದರು.

ಜನ ಬಾರದ್ದರಿಂದ ತಂಡ ಹೊರಟಿತು ಎಂಬ ವಾದವನ್ನು ನಾವು ಒಪ್ಪುವುದಿಲ್ಲ. ಹೆಸರಾಂತ ಆಟಗಾರರನ್ನು ಒಬ್ಬೊಬ್ಬರಾಗಿ ಬೇರೆ ತಂಡಗಳಿಗೆ ಬಿಟ್ಟುಕೊಟ್ಟು, 2023ರಲ್ಲಿ 112 ಪಂದ್ಯ ಸೋತ ತಂಡಕ್ಕೆ ಜನ ಯಾಕೆ ಬಂದಾರು? ಆದರೂ ಬಂದರು. ಆ ವರ್ಷದ ಜೂನ್ 13ರಂದು, ತಂಡವನ್ನು ಮಾರಿ, ಊರಲ್ಲೇ ಉಳಿಸಿ ಎಂದು ಮಾಲೀಕರಿಗೆ ಕೂಗಿ ಹೇಳಲೆಂದೇ 27,759 ಜನ ಸೇರಿ ಡೋಲು ಬಾರಿಸಿದರು. ಅದೇ ವಾರ ನೆವಾಡಾ ರಾಜ್ಯ, ಲಾಸ್ ವೇಗಸ್‌ನಲ್ಲಿ ಅಥ್ಲೆಟಿಕ್ಸ್‌ಗೆ ಹೊಸ ಕ್ರೀಡಾಂಗಣ ಕಟ್ಟಲು 38 ಕೋಟಿ ಡಾಲರ್‌ವರೆಗಿನ ಸಾರ್ವಜನಿಕ ನೆರವಿಗೆ ಒಪ್ಪಿಗೆ ಕೊಟ್ಟಿತು.

ಇಂಥ ನೆರವಿನ ಕಥೆ ಎಲ್ಲಿಗೆ ಮುಟ್ಟುತ್ತದೆಂದು ಓಕ್ಲೆಂಡಿಗೆ ಚೆನ್ನಾಗಿ ಗೊತ್ತು. 1982ರಲ್ಲಿ ಲಾಸ್ ಏಂಜಲೀಸ್‌ಗೆ ಹೋಗಿದ್ದ ರೈಡರ್ಸ್ ತಂಡವನ್ನು 1995ರಲ್ಲಿ ಮರಳಿ ಕರೆತರಲು ನಗರವೂ ಅಲಮೀಡಾ ಕೌಂಟಿಯೂ ಸೇರಿ ಬಾಂಡ್ ಮೂಲಕ ಸುಮಾರು 20 ಕೋಟಿ ಡಾಲರ್ ಸಾಲ ಎತ್ತಿದವು. ಆ ದುಡ್ಡಿನಲ್ಲಿ ಕೊಲಿಸಿಯಂನಲ್ಲಿ ಎತ್ತರದ ಹೊಸ ಗ್ಯಾಲರಿ ಎದ್ದಿತು. ಸೀಟಿನ ಹಕ್ಕು ಮಾರಿ ಸಾಲ ತೀರಿಸುವ ಲೆಕ್ಕಾಚಾರವಿತ್ತು. ಸೀಟುಗಳು ನೆನೆಸಿದಷ್ಟು ಹೋಗಲಿಲ್ಲ, ಹೊರೆ ತೆರಿಗೆದಾರರ ಹೆಗಲಿಗೆ ಬಿತ್ತು. ತಂಡ ಲಾಸ್ ವೇಗಸ್‌ನಲ್ಲಿ ಆಡುತ್ತಿದ್ದಾಗಲೂ ಓಕ್ಲೆಂಡಿನ ಬೊಕ್ಕಸದಿಂದ ಕಂತು ಹೋಗುತ್ತಲೇ ಇತ್ತು. ಮುಂದೆ ಕೊಲಿಸಿಯಂನ ತನ್ನ ಪಾಲನ್ನು ಮಾರಿ ಬರುವ ಹಣವನ್ನೇ ನೆಚ್ಚಿ ನಗರ 2024ರ ಬಜೆಟ್ ಹೆಣೆಯಿತು. ಹಣ ಹೊತ್ತಿಗೆ ಕೈಸೇರಲಿಲ್ಲ. 2025ರ ಆರಂಭದಲ್ಲಿ ಖರ್ಚು ತಗ್ಗಿಸಲು ಕೆಲವು ಅಗ್ನಿಶಾಮಕ ಠಾಣೆಗಳನ್ನೇ ತಾತ್ಕಾಲಿಕವಾಗಿ ಮುಚ್ಚಬೇಕಾಯಿತು. ಮನೆಗೆ ಬೆಂಕಿ ಬಿದ್ದವರಿಗೆ ಯಾವ ಮಾಲೀಕ ಉತ್ತರ ಕೊಡುತ್ತಾನೆ?

ಬೇರೆ ದಾರಿ ಇಲ್ಲದೆ ಇಲ್ಲ. ವಿಸ್ಕಾನ್ಸಿನ್‌ನ ಪುಟ್ಟ ಊರು ಗ್ರೀನ್ ಬೇ ತನ್ನ ಅಮೆರಿಕನ್ ಫುಟ್‌ಬಾಲ್ ತಂಡ ಪ್ಯಾಕರ್ಸನ್ನು ಇಂದಿಗೂ ಉಳಿಸಿಕೊಂಡಿದೆ, ಏಕೆಂದರೆ 1923ರಿಂದ ಅದರ ಷೇರು ಇರುವುದು ಸಾಮಾನ್ಯ ಜನರ ಕೈಯಲ್ಲಿ. ಇನ್ನೊಂದು ತಂಡ ಹೀಗೆ ಜನರ ಸೊತ್ತಾಗದಂತೆ ಲೀಗ್ ನಿಯಮ ಮಾಡಿಕೊಂಡಿದೆ. ಈ ನಿಯಮವೇ ಅನ್ಯಾಯ. ಓಕ್ಲೆಂಡಿನಲ್ಲೂ ಬಾಲರ್ಸ್ ಎಂಬ ಸಣ್ಣ ಬೇಸ್‌ಬಾಲ್ ತಂಡ ಹುಟ್ಟಿ, ಅಭಿಮಾನಿಗಳಿಗೇ ಷೇರು ಮಾರಿ, 2025ರಲ್ಲಿ ತನ್ನ ಲೀಗ್ ಗೆದ್ದಿತು.

ಒಹಾಯೊದಲ್ಲಿ ಆಗುತ್ತಿರುವುದು ನಮ್ಮನ್ನು ಹೆಚ್ಚು ಕಂಗೆಡಿಸುತ್ತದೆ. 1996ರಲ್ಲಿ ಕ್ಲೀವ್‌ಲೆಂಡಿನ ಬ್ರೌನ್ಸ್ ತಂಡವನ್ನು ಮಾಲೀಕ ಬಾಲ್ಟಿಮೋರ್‌ಗೆ ಹೊತ್ತೊಯ್ದಾಗ ಒಹಾಯೊದಲ್ಲಿ ಒಂದು ಕಾನೂನು ಬಂತು: ತೆರಿಗೆ ಹಣದ ಕ್ರೀಡಾಂಗಣ ಬಿಡುವ ಮಾಲೀಕ ಆರು ತಿಂಗಳು ಮೊದಲೇ ತಿಳಿಸಬೇಕು, ತಂಡವನ್ನು ಕೊಳ್ಳಲು ಊರಿನವರಿಗೆ ಅವಕಾಶ ಕೊಡಬೇಕು. 2025ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ ಅದನ್ನು ರಾಜ್ಯ ಬಿಟ್ಟು ಹೋಗುವ ತಂಡಗಳಿಗಷ್ಟೇ ಸೀಮಿತಗೊಳಿಸಿತು. ಜನ ಮರೆತುಬಿಟ್ಟ, ವಾರಸುದಾರರು ಬಂದು ಪಡೆಯದ ಹಣದಿಂದ 60 ಕೋಟಿ ಡಾಲರ್ ತೆಗೆದು ಇಂದಿನ ಬ್ರೌನ್ಸ್ ತಂಡದ ಹೊಸ ಕ್ರೀಡಾಂಗಣಕ್ಕೆ ಕೊಟ್ಟದ್ದೂ ಅದೇ ಬಜೆಟ್ಟಿನಲ್ಲಿ.

ಆ ಕಾನೂನು ಒಹಾಯೊದಲ್ಲಿ ಮೊದಲಿನ ಬಲಕ್ಕೆ ಮರಳಬೇಕು, ಕ್ಯಾಲಿಫೋರ್ನಿಯಾ, ನೆವಾಡಾಗಳಲ್ಲೂ ಬರಬೇಕು. ಸಾಲ ತೀರುವ ಮುನ್ನ ತಂಡ ಊರು ಬಿಟ್ಟರೆ ಉಳಿದ ಕಂತು ಮಾಲೀಕನದೇ ಎಂದು ಮೊದಲ ಒಪ್ಪಂದದಲ್ಲೇ ಬರೆದಿರಬೇಕು.